ನೂರಾರು ಕೋರ್ಸ್, ಸೆಮಿಸ್ಟರಿಗೆ ನಾಲ್ಕೇ: ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ವಿಷಯ ಆರಿಸುವ ಬಗೆ

ಕಲೆ, ವಿಜ್ಞಾನ ಎಲ್ಲವನ್ನೂ ಬೆರೆಸಿ ಓದಿಸುವ ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಸೀಟು ಸಿಕ್ಕ ನಮ್ಮ ಕಡೆಯ ಮಕ್ಕಳು ಜೂನ್ ಬಂತೆಂದರೆ ನನಗೆ ಮೇಲ್ ಹಾಕುತ್ತಾರೆ. "ಮೇಡಂ, ಯಾವ ಕಾಂಬಿನೇಷನ್ ತಗೊಳ್ಳಲಿ?" ನಾನು ಶಿವಮೊಗ್ಗದಲ್ಲಿ ಬಿಎಸ್ಸಿ ಓದುವಾಗ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು. ಅಡ್ಮಿಷನ್ ದಿನ ಪಿಸಿಎಂ ಅಂತ ಬರೆದುಕೊಟ್ಟರೆ ಮೂರು ವರ್ಷದ ಆಯ್ಕೆ ಅಲ್ಲಿಗೆ ಮುಗಿಯಿತು. ಪಕ್ಕದ ಸಾಲಿನಲ್ಲಿ ಎಚ್‌ಇಪಿ ಅಂತ ಬರೆದವಳ ಇತಿಹಾಸದ ಕ್ಲಾಸಿಗೆ ಹೋಗಿ ಕೂರುವ ಮಾತೇ ಇರಲಿಲ್ಲ. ಈಗ ಅಯೋವಾದ ಒಂದು ಸಣ್ಣ ಕಾಲೇಜಿನಲ್ಲಿ ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡುತ್ತೇನೆ. ಹೊಸದಾಗಿ ಸೇರಿದ ಮಕ್ಕಳ ಅಡ್ವೈಸರ್ ಕೆಲಸವೂ ನನ್ನ ಪಾಲಿಗಿದೆ. ಇಲ್ಲಿ ಮಕ್ಕಳ ಕೈಗೆ ಬರುವುದು ಕ್ಯಾಟಲಾಗ್, ಅಂದರೆ ಕಾಲೇಜಿನ ಎಲ್ಲ ಕೋರ್ಸ್‌ಗಳ ಪಟ್ಟಿ. ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಜೋಡಿಸಿರುತ್ತಾರಾದ್ದರಿಂದ ಕೆಮಿಸ್ಟ್ರಿ ಮುಗಿದ ತಕ್ಷಣ ಚೈನೀಸ್, ಅದಾದ ಮೇಲೆ ಗ್ರೀಕ್‌-ಲ್ಯಾಟಿನ್ ಓದಿಸುವ ಕ್ಲಾಸಿಕ್ಸ್, ಆಮೇಲೆ ಕಂಪ್ಯೂಟರ್ ಸೈನ್ಸ್, ಅದರ ಬೆನ್ನಿಗೇ ಡ್ಯಾನ್ಸ್. ಎಲ್ಲವೂ ನಿಮಗೆ ತೆರೆದಿದೆ ಎನ್ನುತ್ತಾರೆ. ನಿಜ, ಆದರೆ ಅರ್ಧ ನಿಜ.

ಮೊದಲು ಲೆಕ್ಕ ಹಾಕಿಕೊಳ್ಳಿ

ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಡಿಗ್ರಿಗೆ 32 ಕೋರ್ಸ್ ಬೇಕು. ಅಂದರೆ ಎಂಟು ಸೆಮಿಸ್ಟರ್, ಒಂದೊಂದಕ್ಕೆ ನಾಲ್ಕು. ಅಯೋವಾದ ಗ್ರಿನೆಲ್ ಕಾಲೇಜಿನಲ್ಲಿ 124 ಕ್ರೆಡಿಟ್. ಹೆಚ್ಚಿನ ಕೋರ್ಸಿಗೆ ನಾಲ್ಕು ಕ್ರೆಡಿಟ್ ಇರುವುದರಿಂದ ಅದೂ 31ರ ಹತ್ತಿರ ಬರುತ್ತದೆ. ಈ 32ರಲ್ಲಿ ಮೇಜರ್, ಅಂದರೆ ನೀವು ಆಳವಾಗಿ ಓದುವ ಮುಖ್ಯ ವಿಷಯ, ಹತ್ತು ಹನ್ನೆರಡನ್ನು ನುಂಗುತ್ತದೆ. ವಿಜ್ಞಾನದ ಮೇಜರ್ ಆದರೆ ಅದಕ್ಕೆ ಬೇಕಾದ ಗಣಿತ, ಫಿಸಿಕ್ಸ್ ಸೇರಿ ಇನ್ನೂ ಎರಡು ಮೂರು ಹೋಗುತ್ತವೆ. ಮೂರನೆಯ ವರ್ಷ ಒಂದು ಸೆಮಿಸ್ಟರ್ ಬೇರೆ ದೇಶಕ್ಕೆ ಹೋದರೆ ಅಲ್ಲಿನ ನಾಲ್ಕರಲ್ಲಿ ಎಲ್ಲವೂ ನಿಮಗೆ ಬೇಕಾದದ್ದೇ ಸಿಗುವುದಿಲ್ಲ. ಕಳೆದು ಕೂಡಿ ನೋಡಿದರೆ ಮನಸ್ಸಿಗೆ ಬಂದದ್ದನ್ನು ಓದಲು ಉಳಿಯುವುದು ಹನ್ನೆರಡು ಹದಿನೈದು ಜಾಗ. ಕ್ಯಾಟಲಾಗಿನಲ್ಲಿರುವ ನೂರಾರರಿಂದ ಹದಿನೈದನ್ನು ಹೆಕ್ಕುವುದೇ ಕೆಲಸ. ಒಂದು ಹಾಳೆ ತೆಗೆದುಕೊಂಡು 32 ಖಾಲಿ ಮನೆ ಗೆರೆ ಎಳೆದು ಗೋಡೆಗೆ ಅಂಟಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಫೋನಿನಲ್ಲಿ ಬೇಡ, ಗೋಡೆಯ ಮೇಲೇ ಇರಲಿ.

ನಿಮ್ಮ ಕಾಲೇಜು ಯಾವ ಜಾತಿಯದು?

ಲಿಬರಲ್ ಆರ್ಟ್ಸ್ ಎಂದ ಮಾತ್ರಕ್ಕೆ ಎಲ್ಲ ಕಡೆ ಒಂದೇ ನಿಯಮವಿಲ್ಲ. ಆಮ್‌ಹರ್ಸ್ಟ್, ಗ್ರಿನೆಲ್‌ನಂಥ ಕಡೆ ಓಪನ್ ಕರಿಕ್ಯುಲಮ್: ಮೊದಲ ಸೆಮಿಸ್ಟರಿನ ಒಂದು ಬರವಣಿಗೆಯ ಸೆಮಿನಾರ್ ಮತ್ತು ನಿಮ್ಮ ಮೇಜರ್ ಬಿಟ್ಟರೆ ಕಡ್ಡಾಯ ಎನ್ನುವುದಿಲ್ಲ. ಹಾಗಂತ ನಾಲ್ಕು ವರ್ಷವೂ ಬರೀ ಕಂಪ್ಯೂಟರ್ ಸೈನ್ಸ್ ಓದುತ್ತೇನೆಂದರೆ ಗ್ರಿನೆಲ್ ಬಿಡುವುದಿಲ್ಲ. ಒಂದು ಡಿಪಾರ್ಟ್‌ಮೆಂಟಿನಿಂದ 48 ಕ್ರೆಡಿಟ್‌ವರೆಗೆ ಮಾತ್ರ ಡಿಗ್ರಿಯ ಲೆಕ್ಕಕ್ಕೆ ಸೇರುತ್ತದೆ. ವಿಲಿಯಮ್ಸ್ ಕಾಲೇಜಿನಲ್ಲಿ ಭಾಷೆ-ಕಲೆ, ಸಮಾಜಶಾಸ್ತ್ರಗಳು, ವಿಜ್ಞಾನ-ಗಣಿತ ಎಂದು ಮೂರು ಡಿವಿಷನ್, ಒಂದೊಂದರಿಂದ ಕನಿಷ್ಠ ಮೂರು ಕೋರ್ಸ್. ಇದು ಹೆಚ್ಚು ಕಾಲೇಜುಗಳ ದಾರಿ. ಇವಕ್ಕೆ ಪೂರ್ತಿ ವಿರುದ್ಧ ಸೇಂಟ್ ಜಾನ್ಸ್ ಕಾಲೇಜು. ಅನಾಪೊಲಿಸ್‌ನಲ್ಲಿ 1937ರಿಂದ ಎಲ್ಲ ವಿದ್ಯಾರ್ಥಿಗಳೂ ಬಹುಪಾಲು ಒಂದೇ ಪುಸ್ತಕಗಳ ಪಟ್ಟಿ ಓದುತ್ತಾರೆ, ಯೂಕ್ಲಿಡ್‌ನಿಂದ ಗಣಿತ ಶುರು, ಪ್ರಾಚೀನ ಗ್ರೀಕ್ ಕಡ್ಡಾಯ. ಆಯ್ಕೆಯೇ ಬೇಡ ಎನ್ನುವವರಿಗೆ ಅದು ಸ್ವರ್ಗ.

ಇನ್ನೊಂದು ವ್ಯತ್ಯಾಸ ಕ್ಯಾಲೆಂಡರಿನದು. ನಮ್ಮ ಮಕ್ಕಳು ಇದನ್ನು ಗಮನಿಸುವುದೇ ಇಲ್ಲ. ಮಿನ್ನೆಸೋಟದ ಕಾರ್ಲ್‌ಟನ್‌ನಲ್ಲಿ ವರ್ಷಕ್ಕೆ ಹತ್ತು ವಾರದ ಮೂರು ಟರ್ಮ್, ಒಂದೊಂದರಲ್ಲಿ ಮೂರು ಕೋರ್ಸ್. ಕೊಲರಾಡೊ ಕಾಲೇಜಿನಲ್ಲಿ 1970ರಿಂದ ಬ್ಲಾಕ್ ಪ್ಲ್ಯಾನ್: ಒಂದು ಸಲಕ್ಕೆ ಒಂದೇ ಕೋರ್ಸ್, ಮೂರೂವರೆ ವಾರದಲ್ಲಿ ಮುಗಿಸಿ ಮುಂದಿನದು. ಭೂವಿಜ್ಞಾನ ಓದುವವರಿಗೆ ಇದು ಭಾಗ್ಯ, ಯಾಕೆಂದರೆ ಇಡೀ ಕ್ಲಾಸು ವಾರಗಟ್ಟಲೆ ಬೆಟ್ಟದಲ್ಲೇ ಇರಬಹುದು. ಗಣಿತವನ್ನು ನಿಧಾನಕ್ಕೆ ಜೀರ್ಣಿಸಿಕೊಳ್ಳುವ ಸ್ವಭಾವದವರಿಗೆ ಕಷ್ಟ. ಇವತ್ತು ಕಲಿತದ್ದು ನಾಳೆ ಬೆಳಿಗ್ಗೆಗೆ ಬೇಕಾಗಿರುತ್ತದೆ.

ಒಂದು ಕೋರ್ಸಿನ ವಿವರ ಬಿಡಿಸಿ ಓದುವುದು

ಹೆಸರು ನೋಡಿ ಆರಿಸುವುದು ಎಲ್ಲರೂ ಮಾಡುವ ಕೆಲಸ. ಹೆಸರಿಗಿಂತ ಅದರ ಕೆಳಗಿನ ಸಣ್ಣ ಅಕ್ಷರದ ಸಾಲುಗಳು ಮುಖ್ಯ. ನಾನೇ ಒಂದು ನಮೂನೆ ಮಾಡಿ ತೋರಿಸುತ್ತೇನೆ:

"ಅರ್ಥಶಾಸ್ತ್ರ 240. ಅಭಿವೃದ್ಧಿಯ ಅರ್ಥಶಾಸ್ತ್ರ. 4 ಕ್ರೆಡಿಟ್. ಪೂರ್ವಸಿದ್ಧತೆ: ಅರ್ಥಶಾಸ್ತ್ರ 111 ಮತ್ತು ಸ್ಟ್ಯಾಟಿಸ್ಟಿಕ್ಸ್ 115, ಅಥವಾ ಅಧ್ಯಾಪಕರ ಒಪ್ಪಿಗೆ. ಪರ್ಯಾಯ ವರ್ಷಗಳಲ್ಲಿ, ಫಾಲ್. ಮಿತಿ 24."

240 ಎಂದರೆ ಎರಡನೆಯ ಹಂತ. ಸಾಮಾನ್ಯವಾಗಿ ನೂರರ ಸಾಲು ಮೊದಲ ಪರಿಚಯ, ಇನ್ನೂರು ನಡುಮಟ್ಟ, ಮುನ್ನೂರು ಮೇಜರ್‌ನವರ ಗಂಭೀರ ಸೆಮಿನಾರ್. ಎಲ್ಲ ಕಾಲೇಜಿನಲ್ಲೂ ಸಂಖ್ಯೆ ಹೀಗೇ ಇರಬೇಕೆಂದಿಲ್ಲ, ನಿಮ್ಮ ಕಾಲೇಜಿನ ಪದ್ಧತಿ ಒಮ್ಮೆ ನೋಡಿಕೊಳ್ಳಿ. ಪೂರ್ವಸಿದ್ಧತೆ ಎಂದು ನಾನು ಬರೆದದ್ದು ಪ್ರಿರಿಕ್ವಿಸಿಟ್. ಆ ಎರಡು ಕೋರ್ಸ್ ಮುಗಿಸದೆ ಕಂಪ್ಯೂಟರ್ ನಿಮ್ಮನ್ನು ಒಳಗೇ ಬಿಡುವುದಿಲ್ಲ. "ಅಥವಾ ಅಧ್ಯಾಪಕರ ಒಪ್ಪಿಗೆ" ಎಂಬ ಮೂರು ಪದದ ಬೆಲೆ ನಮ್ಮ ಮಕ್ಕಳಿಗೆ ತಿಳಿಯುವುದಿಲ್ಲ. ಪಿಯುಸಿಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಓದಿ ಬಂದವಳು ನನ್ನ ಬಳಿ ಬಂದು ಸಿಲಬಸ್ ತೋರಿಸಿದರೆ 115 ಬೇಡ, ಮುಂದಿನದಕ್ಕೇ ಹೋಗು ಎಂದು ನಾನು ಸಹಿ ಮಾಡಿಯೇನು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಈ ನಮೂನೆಯಲ್ಲಿ ಅತಿ ಮುಖ್ಯವಾದದ್ದು "ಪರ್ಯಾಯ ವರ್ಷಗಳಲ್ಲಿ". ಸಣ್ಣ ಕಾಲೇಜು, ಒಟ್ಟು ವಿದ್ಯಾರ್ಥಿಗಳೇ ಎರಡು ಸಾವಿರದ ಆಸುಪಾಸು. ಒಂದು ಡಿಪಾರ್ಟ್‌ಮೆಂಟಿನಲ್ಲಿ ಆರೇಳು ಮೇಷ್ಟ್ರು. ಅವರು ಕ್ಯಾಟಲಾಗಿನಲ್ಲಿ ಇರುವುದನ್ನೆಲ್ಲ ಪ್ರತಿವರ್ಷ ಪಾಠ ಮಾಡಲು ಸಾಧ್ಯವೇ? ಎರಡು ವರ್ಷಕ್ಕೊಮ್ಮೆ ಬರುವ ಕೋರ್ಸನ್ನು ನೀವು ಎರಡನೆಯ ವರ್ಷ ತಪ್ಪಿಸಿಕೊಂಡರೆ ಮುಂದಿನ ಅವಕಾಶ ನಾಲ್ಕನೆಯ ವರ್ಷ. ಅಷ್ಟರೊಳಗೆ ಆ ಮೇಷ್ಟ್ರು ಸಬ್ಯಾಟಿಕಲ್ ರಜೆಯ ಮೇಲೆ ಹೋದರೆ ಅದೂ ಇಲ್ಲ. ಹಾಗಾಗಿ ಕ್ಯಾಟಲಾಗ್ ಬೇರೆ, ಈ ಸೆಮಿಸ್ಟರಿನ ವೇಳಾಪಟ್ಟಿ ಬೇರೆ. ಕ್ಯಾಟಲಾಗಿನಲ್ಲಿರುವುದು ಕಾಲೇಜು ಯಾವಾಗಲಾದರೂ ಕಲಿಸುವ ಕೋರ್ಸ್‌ಗಳು, ವೇಳಾಪಟ್ಟಿಯಲ್ಲಿರುವುದು ಈಗ ಸಿಗುವವು. ಹಿಂದಿನ ಮೂರು ವರ್ಷದ ವೇಳಾಪಟ್ಟಿಯನ್ನು ರಿಜಿಸ್ಟ್ರಾರ್ ಕಚೇರಿಯ ತಾಣದಲ್ಲಿ ಸಾಮಾನ್ಯವಾಗಿ ಹುಡುಕಬಹುದು. ಯಾವ ಕೋರ್ಸ್ ಯಾವಾಗ ಬರುತ್ತದೆ ಎಂಬ ತಾಳ ಅದರಲ್ಲಿ ಸಿಗುತ್ತದೆ. ಇದಕ್ಕೆ ಒಂದು ಮಧ್ಯಾಹ್ನ ಖರ್ಚು ಮಾಡಿ.

ಫಾಲ್ ಎಂದರೆ ಶೈಕ್ಷಣಿಕ ವರ್ಷದ ಮೊದಲ ಸೆಮಿಸ್ಟರ್. ಮಿತಿ 24 ಎಂದರೆ ಸೀಟು. ಮೇಲಿನ ವರ್ಷದವರು ಮೊದಲು ನೋಂದಾಯಿಸುತ್ತಾರೆ. ಉಳಿದದ್ದು ನಿಮಗೆ.

ಮೆಟ್ಟಿಲಿರುವ ವಿಷಯ, ಮೆಟ್ಟಿಲಿಲ್ಲದ ವಿಷಯ

ನನ್ನ ಮಕ್ಕಳಿಗೆ ನಾನು ಒತ್ತಿ ಹೇಳುವುದು ಇದೊಂದನ್ನೇ. ಕೆಮಿಸ್ಟ್ರಿಯಲ್ಲಿ ಜನರಲ್ ಮುಗಿಸದೆ ಆರ್ಗ್ಯಾನಿಕ್ ಇಲ್ಲ, ಆರ್ಗ್ಯಾನಿಕ್ ಇಲ್ಲದೆ ಬಯೋಕೆಮಿಸ್ಟ್ರಿ ಇಲ್ಲ, ಫಿಸಿಕಲ್ ಕೆಮಿಸ್ಟ್ರಿಗೆ ಕ್ಯಾಲ್ಕುಲಸ್ಸೂ ಬೇಕು, ಫಿಸಿಕ್ಸೂ ಬೇಕು. ಮೊದಲ ಫಾಲ್‌ನಲ್ಲಿ ಶುರು ಮಾಡದಿದ್ದರೆ ನಾಲ್ಕು ವರ್ಷದಲ್ಲಿ ತುದಿ ಮುಟ್ಟುವುದು ಕಷ್ಟ. ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್, ಸಂಗೀತದ ಥಿಯರಿ, ಇವೆಲ್ಲ ಮೆಟ್ಟಿಲಿನವು. ಹೊಸ ಭಾಷೆಯೂ ಹಾಗೇ. ಅರೇಬಿಕ್ ಅಥವಾ ರಷ್ಯನ್ ಮೊದಲ ಪಾಠ ಎಷ್ಟೋ ಕಡೆ ಫಾಲ್‌ನಲ್ಲಿ ಮಾತ್ರ ಶುರುವಾಗುತ್ತದೆ; ಜನವರಿಯಲ್ಲಿ ಆಸೆಯಾದರೆ ಸೆಪ್ಟೆಂಬರ್‌ವರೆಗೆ ಕಾಯಬೇಕು. ಇತಿಹಾಸ, ಸಮಾಜಶಾಸ್ತ್ರ, ಸಾಹಿತ್ಯ, ಧರ್ಮಗಳ ಅಧ್ಯಯನ ಇವಕ್ಕೆ ಅಷ್ಟು ಉದ್ದದ ಸಾಲಿಲ್ಲ. ಎರಡನೆಯ ವರ್ಷದ ಕೊನೆಗೆ ಮನಸ್ಸು ಬದಲಾಯಿಸಿ ಇತಿಹಾಸ ಮೇಜರ್ ಮಾಡಿದವರು ನೆಮ್ಮದಿಯಾಗಿ ಮುಗಿಸಿದ್ದನ್ನು ನೋಡಿದ್ದೇನೆ. ಅದೇ ಹೊತ್ತಿಗೆ ಇತಿಹಾಸದಿಂದ ಫಿಸಿಕ್ಸಿಗೆ ಹಾರಿದವರನ್ನು ನೋಡಿಲ್ಲ.

ಆದ್ದರಿಂದ ಯಾವುದು ಇಷ್ಟ ಎಂದು ಇನ್ನೂ ಗೊತ್ತಿಲ್ಲದಿದ್ದರೆ ಮೆಟ್ಟಿಲಿನ ವಿಷಯಗಳಲ್ಲಿ ಎರಡನ್ನು ಮೊದಲ ಸೆಮಿಸ್ಟರಿಗೇ ಹಾಕಿ. ಎರಡೇ, ಮೂರಲ್ಲ. ಪಿಸಿಎಂಬಿ ಓದಿ ಬಂದ ಮಗು ಕ್ಯಾಲ್ಕುಲಸ್, ಕೆಮಿಸ್ಟ್ರಿ, ಫಿಸಿಕ್ಸ್, ಕಂಪ್ಯೂಟರ್ ಸೈನ್ಸ್ ಎಂದು ಬರೆದುಕೊಂಡು ಬರುತ್ತದೆ, ಪಿಯುಸಿಯ ಮೂರನೆಯ ವರ್ಷ ಎಂಬಂತೆ. ಎರಡು ಲ್ಯಾಬ್ ಎಂದರೆ ವಾರದ ಎರಡು ಮಧ್ಯಾಹ್ನ ಪೂರ್ತಿ ಹೋಯಿತು. ಮೇಲೆ ಸೆಮಿನಾರ್: ವಾರಕ್ಕೆ ನೂರು ಪುಟ ಓದು, ಎರಡು ವಾರಕ್ಕೊಂದು ಪ್ರಬಂಧ, ತಿದ್ದಿ ಮತ್ತೆ ಬರೆಯುವುದು. ಕೀ ಆನ್ಸರ್ ಇಲ್ಲದ ಪ್ರಶ್ನೆಗೆ ಐದು ಪುಟ ಬರೆಯುವುದು ನಮ್ಮ ಕಡೆಯ ಜಾಣ ಮಕ್ಕಳಿಗೇ ಮೊದಲ ಸೆಮಿಸ್ಟರಿನ ಅತಿ ಕಷ್ಟದ ಕೆಲಸ. ಆರ್ಗ್ಯಾನಿಕ್ ಕೆಮಿಸ್ಟ್ರಿ ಅಲ್ಲ.

ನಾನು ಒಪ್ಪುವ ಮೊದಲ ಸೆಮಿಸ್ಟರ್ ಹೀಗಿರುತ್ತದೆ: ಸೆಮಿನಾರ್; ನಿಮ್ಮ ತಯಾರಿ ಅಳೆಯುವ ಪ್ಲೇಸ್‌ಮೆಂಟ್ ಪರೀಕ್ಷೆ ಹೇಳಿದ ಮಟ್ಟದ ಗಣಿತ; ಲ್ಯಾಬ್ ಇರುವ ಒಂದು ವಿಜ್ಞಾನ ಅಥವಾ ಕಂಪ್ಯೂಟರ್ ಸೈನ್ಸ್; ನಾಲ್ಕನೆಯದು, ನಿಮ್ಮ ಹೈಸ್ಕೂಲಿನಲ್ಲಿ ಇರದೇ ಇದ್ದ ವಿಷಯ. ಹಾಸನದ ಕಡೆಯಿಂದ ಕಾಫಿ ತೋಟದ ಮನೆಯ ಒಬ್ಬ ಹುಡುಗ ಬಂದಿದ್ದ. ನಾಲ್ಕನೆಯದಕ್ಕೆ ಮಾನವಶಾಸ್ತ್ರ ಹಾಕಿದೆವು. ಅವನಿಗೆ ಅದು ರುಚಿಸಲೇ ಇಲ್ಲ. ಅದರ ಬದಲು ಆ ಕ್ಲಾಸಿನಲ್ಲಿ ಪಕ್ಕಕ್ಕೆ ಕೂರುತ್ತಿದ್ದವಳು ಭೂವಿಜ್ಞಾನದ ಫೀಲ್ಡ್ ಟ್ರಿಪ್ಪಿನ ಫೋಟೋ ತೋರಿಸಿದಳಂತೆ. ರಸ್ತೆಗೆಂದು ಗುಡ್ಡ ಸೀಳಿದ ಜಾಗದಲ್ಲಿ ಪದರ ಪದರವಾಗಿ ನಿಂತ ಸುಣ್ಣಕಲ್ಲು, ಅದರ ಮುಂದೆ ಸುತ್ತಿಗೆ ಹಿಡಿದ ಇಪ್ಪತ್ತು ಜನ. ಮುಂದಿನ ಸೆಮಿಸ್ಟರ್ ಅದಕ್ಕೆ ಸೇರಿದ. ಮೇಜರ್ ಮಾಡಲಿಲ್ಲ, ಎಕನಾಮಿಕ್ಸಿಗೇ ಹೋದ. ಮಣ್ಣಿನ ಮೇಲೊಂದು ಪ್ರಾಜೆಕ್ಟ್ ಮಾಡಿ ಅಪ್ಪನಿಗೆ ಫೋನಿನಲ್ಲಿ ತೋಟದ ಮಣ್ಣಿನ ಆಮ್ಲೀಯತೆ ಕೇಳಿ ಬೈಸಿಕೊಂಡದ್ದನ್ನು ನನಗೆ ಹೇಳಿ ನಗುತ್ತಿದ್ದ.

ನಾಲ್ಕನೆಯ ಕೋರ್ಸಿಗೆ ಮಾರ್ಕಿನ ಭಯ ಎನ್ನುವವರಿಗೆ: ಬಹಳಷ್ಟು ಕಾಲೇಜುಗಳಲ್ಲಿ ಕೆಲವು ಕೋರ್ಸನ್ನು ಪಾಸ್-ಫೇಲ್ ಲೆಕ್ಕದಲ್ಲಿ ತೆಗೆದುಕೊಳ್ಳಬಹುದು. ಸ್ವಾರ್ಥ್‌ಮೋರ್‌ನಲ್ಲಂತೂ ಮೊದಲ ಸೆಮಿಸ್ಟರಿನ ಎಲ್ಲ ಕೋರ್ಸೂ ಕ್ರೆಡಿಟ್ ಬಂತೋ ಇಲ್ಲವೋ ಅಷ್ಟೇ, ಟ್ರಾನ್ಸ್‌ಕ್ರಿಪ್ಟಿನಲ್ಲಿ ಗ್ರೇಡ್ ಬೀಳುವುದಿಲ್ಲ.

ಯಾರು ಕಲಿಸುತ್ತಾರೆ?

ಸಾವಿರಾರು ಡಾಲರ್ ಕೊಟ್ಟು ಸಣ್ಣ ಕಾಲೇಜಿಗೆ ಬರುವುದು ಈ ಕಾರಣಕ್ಕೇ. ವಿಲಿಯಮ್ಸ್‌ನ ಟ್ಯುಟೋರಿಯಲ್‌ನಲ್ಲಿ ಇಬ್ಬರು ವಿದ್ಯಾರ್ಥಿಗಳು, ಒಬ್ಬರು ಅಧ್ಯಾಪಕರು. ಈ ವಾರ ಒಬ್ಬರು ಐದಾರು ಪುಟ ಬರೆದು ಓದುತ್ತಾರೆ, ಇನ್ನೊಬ್ಬರು ಅದನ್ನು ಜರಡಿ ಹಿಡಿಯುತ್ತಾರೆ. ಮುಂದಿನ ವಾರ ಅದಲು ಬದಲು. ಮೇಷ್ಟ್ರು ಹೆಚ್ಚು ಮಾತಾಡುವುದಿಲ್ಲ. ಹಿಂದಿನ ಬೆಂಚಿಗೆ ಹೋಗಿ ಬಚ್ಚಿಟ್ಟುಕೊಳ್ಳಲು ಬೆಂಚೇ ಇರುವುದಿಲ್ಲ. ಇಂಥದ್ದು ನಿಮ್ಮ ಕಾಲೇಜಿನಲ್ಲಿದ್ದರೆ ವಿಷಯ ಯಾವುದಾದರೂ ಸರಿ, ಒಂದು ಸಲ ತೆಗೆದುಕೊಳ್ಳಿ.

ಮೇಲಿನ ವರ್ಷದವರನ್ನು ಕೇಳುವಾಗ "ಆ ಕೋರ್ಸ್ ಸುಲಭವಾ?" ಎನ್ನಬೇಡಿ. "ಆ ಮೇಷ್ಟ್ರು ಪ್ರಬಂಧ ತಿದ್ದಿ ಕೊಡುವಾಗ ಅಂಚಿನಲ್ಲಿ ಎಷ್ಟು ಬರೆಯುತ್ತಾರೆ?" ಎಂದು ಕೇಳಿ. ಮೊದಲ ಎರಡು ವಾರ ಸಾಮಾನ್ಯವಾಗಿ ಆಡ್-ಡ್ರಾಪ್ ಅವಧಿ ಇರುತ್ತದೆ. ನಾಲ್ಕರ ಬದಲು ಐದು ಕ್ಲಾಸಿಗೆ ಹೋಗಿ ಕೂತು ಒಂದನ್ನು ಬಿಡಬಹುದು. ಐದನೆಯದರ ಓದೂ ಮಾಡುತ್ತಾ ಇರಬೇಕು ಅನ್ನುವುದು ಕಷ್ಟದ ಭಾಗ.

ಕ್ಲಾಸ್ ತುಂಬಿದ್ದರೆ ವೇಟ್‌ಲಿಸ್ಟಿಗೆ ಹೆಸರು ಸೇರಿಸಿ ಮೇಷ್ಟ್ರಿಗೆ ಮೇಲ್ ಬರೆಯಿರಿ. "ರೆಸ್ಪೆಕ್ಟೆಡ್ ಸರ್, ಐ ಹಂಬ್ಲಿ ರಿಕ್ವೆಸ್ಟ್ ಯು" ಎಂಬ ರಜಾ ಅರ್ಜಿಯ ಶೈಲಿ ಬೇಡ. ನಿಮ್ಮ ಹೆಸರು, ಯಾವ ವರ್ಷ. ಈ ಕೋರ್ಸ್ ಯಾಕೆ ಬೇಕು ಎನ್ನುವುದಕ್ಕೆ ಒಂದು ನಿಜವಾದ ಕಾರಣ. ಮೊದಲ ದಿನ ಕ್ಲಾಸಿಗೆ ಬರುತ್ತೇನೆ ಎನ್ನುವುದು. ಇಷ್ಟೇ ಸಾಕು. ಆಮೇಲೆ ನಿಜವಾಗಿಯೂ ಮೊದಲ ದಿನ ಹೋಗಿ. ಮೊದಲ ವಾರದಲ್ಲಿ ಯಾರಾದರೂ ಬಿಟ್ಟೇ ಬಿಡುತ್ತಾರೆ, ಎದುರಿಗೆ ಕೂತವರಿಗೆ ಆ ಸೀಟು.

ಬೇಲಿಯ ಆಚೆಗೂ ಕ್ಲಾಸಿದೆ

ನಿಮ್ಮ ಕಾಲೇಜಿನಲ್ಲಿ ಇಲ್ಲದ್ದು ಪಕ್ಕದ ಕಾಲೇಜಿನಲ್ಲಿರಬಹುದು. ಮ್ಯಾಸಚೂಸೆಟ್ಸ್‌ನಲ್ಲಿ ಆಮ್‌ಹರ್ಸ್ಟ್, ಸ್ಮಿತ್, ಮೌಂಟ್ ಹೋಲಿಯೋಕ್ ಮಕ್ಕಳು ಬಸ್ ಹಿಡಿದು ಒಬ್ಬರ ಕ್ಲಾಸಿಗೆ ಇನ್ನೊಬ್ಬರು ಹೋಗುತ್ತಾರೆ, ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೂ ಆ ಕೂಟದಲ್ಲಿದೆ. ಕ್ಯಾಲಿಫೋರ್ನಿಯಾದ ಕ್ಲೇರ್‌ಮಂಟ್‌ನಲ್ಲಿ ಐದು ಕಾಲೇಜುಗಳಿಗೆ ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಫಿಲಡೆಲ್ಫಿಯಾ ಸುತ್ತಿನ ಸ್ವಾರ್ಥ್‌ಮೋರ್, ಹ್ಯಾವರ್‌ಫರ್ಡ್, ಬ್ರಿನ್ ಮಾರ್ ಮಕ್ಕಳಿಗೆ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕ್ಲಾಸುಗಳಿಗೂ ದಾರಿಯಿದೆ. ಕನ್ನಡ ಪಾಠ ನಡೆದಿರುವ ಬೆರಳೆಣಿಕೆಯ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಅದೂ ಒಂದು. ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ ಮಾತಾಡಿ ಓದಲು ಬಾರದ ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು. ಆ ವರ್ಷ ಕ್ಲಾಸ್ ಇದೆಯೇ ಎಂದು ಮೊದಲೇ ವಿಚಾರಿಸಿ.

ಭಾಷೆಯ ಮಾತು ಬಂತು. ಕಾರ್ಲ್‌ಟನ್‌ನಂಥ ಕಡೆ ಒಂದು ಅನ್ಯಭಾಷೆ ಕಲಿತಿರಬೇಕೆಂಬ ನಿಯಮವಿದೆ. ಕನ್ನಡವೋ ಹಿಂದಿಯೋ ಬಲ್ಲೆವೆಂದು ತೋರಿಸಿ ವಿನಾಯಿತಿ ಕೇಳುವ ಅವಕಾಶ ಕೆಲವು ಕಾಲೇಜುಗಳಲ್ಲಿರುತ್ತದೆ. ಸಿಕ್ಕರೂ ತಗೊಳ್ಳಬೇಡಿ ಎನ್ನುವವಳು ನಾನು. ಹದಿನೈದು ಜನರ ಕ್ಲಾಸಿನಲ್ಲಿ ವಾರಕ್ಕೆ ನಾಲ್ಕೈದು ದಿನ ಕೂರಿಸಿ ಚೈನೀಸ್ ಮಾತಾಡಿಸುವವರು ಆಮೇಲೆ ಎಲ್ಲಿ ಸಿಗುತ್ತಾರೆ?

ಅಪ್ಪ ಅಮ್ಮ ಓದಬೇಕಾದ ಭಾಗ

ಎಫ್-1 ವೀಸಾದಲ್ಲಿರುವ ಡಿಗ್ರಿ ವಿದ್ಯಾರ್ಥಿ ಸೆಮಿಸ್ಟರಿಗೆ ಕನಿಷ್ಠ 12 ಕ್ರೆಡಿಟ್ ಓದುತ್ತಿರಬೇಕು. ಕೋರ್ಸ್ ಲೆಕ್ಕದ ಕಾಲೇಜಿನಲ್ಲಿ ಇದು ಸಾಮಾನ್ಯವಾಗಿ ಮೂರು ಕೋರ್ಸ್. ಕಷ್ಟವಾಯಿತೆಂದು ಮಗು ನಡುವೆ ಎರಡನ್ನು ಕೈಬಿಟ್ಟರೆ ವೀಸಾಕ್ಕೇ ಕುತ್ತು. ಬಿಡುವ ಮೊದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯವರನ್ನು ಕೇಳಲೇಬೇಕು, ನನ್ನಂಥ ಅಡ್ವೈಸರ್ ಸಹಿ ಸಾಲದು.

ಕೆಲಸದ ಪ್ರಶ್ನೆಗೂ ಕ್ಯಾಟಲಾಗಿಗೂ ನೇರ ಸಂಬಂಧವಿದೆ. ಈಗಿನ ನಿಯಮದಂತೆ ಓದು ಮುಗಿದ ಮೇಲೆ ಒಪಿಟಿ ಎಂಬ ತರಬೇತಿ ಕೆಲಸದ ಅನುಮತಿಯಲ್ಲಿ 12 ತಿಂಗಳು ಕೆಲಸ ಮಾಡಬಹುದು. ಮೇಜರ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಇನ್ನೂ 24 ತಿಂಗಳು. ಒಂದೇ ಎಕನಾಮಿಕ್ಸ್ ಮೇಜರ್ ಒಂದು ಕಾಲೇಜಿನಲ್ಲಿ 45.0601 ಎಂಬ ಸಿಐಪಿ ಸಂಖ್ಯೆಯಲ್ಲಿ (ಓದುವ ವಿಷಯಗಳನ್ನು ವಿಂಗಡಿಸುವ ಸರ್ಕಾರಿ ಸಂಖ್ಯೆ) ಇದ್ದರೆ ಸ್ಟೆಮ್ ಅಲ್ಲ, ಇನ್ನೊಂದು ಕಡೆ 45.0603 ಇದ್ದರೆ ಸ್ಟೆಮ್. ಪಾಠ ಹೆಚ್ಚು ಕಡಿಮೆ ಅದೇ. ಮೇಜರ್ ಘೋಷಿಸುವುದು ಸಾಮಾನ್ಯವಾಗಿ ಎರಡನೆಯ ವರ್ಷದ ಕೊನೆಗೆ. ಅದಕ್ಕೆ ಮೊದಲು ಈ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ. ವೀಸಾ ನಿಯಮ ಬದಲಾಗುತ್ತಲೇ ಇರುತ್ತದೆ, ಆ ವರ್ಷದ್ದನ್ನೇ ನೋಡಿ. ಇದಕ್ಕಾಗಿ ಮಗಳ ಥಿಯೇಟರ್ ಕೋರ್ಸ್ ಬಿಡಿಸಬೇಕಿಲ್ಲ. ಸ್ಟೆಮ್ ಆಗಬೇಕಾದ್ದು ಮೇಜರ್ ಮಾತ್ರ.

ನೋಂದಣಿಯ ದಿನ

ಹೊಸಬರು ಕೆಲವು ಕಡೆ ಬೇಸಿಗೆಯಲ್ಲೇ, ಊರಿನಿಂದಲೇ ನೋಂದಾಯಿಸಬೇಕು. ಅಯೋವಾ, ಮಿನ್ನೆಸೋಟದ ಬೆಳಿಗ್ಗೆ ಎಂಟು ಎಂದರೆ ಆಗ ಭಾರತದಲ್ಲಿ ಸಂಜೆ ಆರೂವರೆ. ಪೂರ್ವ ತೀರದ ಕಾಲೇಜಾದರೆ ಐದೂವರೆ. ನಾಲ್ಕು ಕೋರ್ಸಿನ ಜೊತೆ ಬದಲಿಗೆ ಇನ್ನೂ ನಾಲ್ಕರ ಕೋಡ್ ಸಂಖ್ಯೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಲ್ಯಾಬ್ ಸಮಯ ಒಂದಕ್ಕೊಂದು ತಾಗದಂತೆ. ಅಡ್ವೈಸರ್ ಒಪ್ಪಿಗೆ ಒತ್ತಿದ್ದಾರೆಯೇ ಎಂದು ಹಿಂದಿನ ದಿನವೇ ನೋಡಿ. ಎಷ್ಟೋ ಕಡೆ ಅದಿಲ್ಲದೆ ಪುಟವೇ ತೆರೆಯುವುದಿಲ್ಲ. ಸಂಜೆ ಕರೆಂಟ್ ಹೋಗುವ ಊರಾದರೆ ಫೋನಿನ ಹಾಟ್‌ಸ್ಪಾಟ್ ಸಿದ್ಧವಿರಲಿ. ಮೊದಲು ಒತ್ತಬೇಕಾದದ್ದು ಕ್ಯಾಲ್ಕುಲಸ್ ಅಲ್ಲ. ಅದಕ್ಕೆ ಮೂರು ನಾಲ್ಕು ಸೆಕ್ಷನ್ ಇರುತ್ತವೆ, ಒಂದಲ್ಲ ಒಂದರಲ್ಲಿ ಸಿಗುತ್ತದೆ. ಒಂದೇ ಸೆಕ್ಷನ್ ಇರುವ, ಹದಿನಾರು ಸೀಟಿನ ಆ ನಾಲ್ಕನೆಯ ಕೋರ್ಸನ್ನು ಮೊದಲು ಹಿಡಿಯಿರಿ.